ಕಾಲುವೆಗೆ ಹೋಗದ ಐದು ಶನಿವಾರ

ಅವಳು 'ತಿದ್ದು' ಅನ್ನುವುದನ್ನು ಮತ್ತೆ ಒತ್ತಿದಳು. ಪರದೆ ಒಂದು ಕ್ಷಣ ಯೋಚಿಸಿದ ಹಾಗೆ ಮಾಡಿ, ಅದೇ ಸಾಲನ್ನು ನಾಲ್ಕನೇ ಸಲ ತೋರಿಸಿತು: ತಿದ್ದುವ ಅವಧಿ ಮುಗಿದಿದೆ.

ಐದನೇ ಸಲ ಒತ್ತಿದಳು. ಕಂಪ್ಯೂಟರಿಗೂ ಬೇಸರ ಬಂದಿರಬೇಕು, ಈ ಸಲ ಇಡೀ ಪುಟವನ್ನೇ ಬಿಳಿ ಮಾಡಿ ಸುಮ್ಮನಾಯಿತು.

"ಅದನ್ನ ಹಾಗೆ ತಿವಿದ್ರೆ ನೋವಾಗುತ್ತೆ ಮಿಸ್," ಅಂದ ಅಟೆಂಡರ್. ಲ್ಯಾಬಿನ ಕಿಟಕಿಯ ಮೇಲೆ ಹತ್ತಿ ನಿಂತು ಗಾಜು ಒರೆಸುತ್ತಿದ್ದ. "ಯಾರೋ ದೊಡ್ಡೋರು ಬರ್ತಾರಂತೆ, ಗಾಜೆಲ್ಲ ಹೊಳೀಬೇಕಂತೆ. ಹೊಳೆದು ಏನು ಕಾಣ್ಬೇಕು? ಸೈಕಲ್ ಸ್ಟ್ಯಾಂಡು."

"ಎಷ್ಟು ಗಂಟೆಗೆ ಬರ್ತಾರಂತೆ?"

"ಹನ್ನೊಂದಕ್ಕೆ. ನಿಮಗೇ ಗೊತ್ತಿರ್ಬೇಕಲ್ಲ, ನಿಮ್ಮನ್ನ ನೋಡೋಕೆ ತಾನೇ ಬರ್ತಿರೋದು?"

ಗೊತ್ತಿತ್ತು. ನಿನ್ನೆ ಸಂಜೆ ಐದು ಹತ್ತರಿಂದ ಅವಳಿಗೆ ಅದೊಂದು ಬಿಟ್ಟು ಬೇರೇನೂ ಗೊತ್ತಿರಲಿಲ್ಲ. ಈಗ ಎಂಟು ಐವತ್ತು.

ಅವಳು ಈ ಶಾಲೆಯ ವಿಜ್ಞಾನದ ಮಿಸ್. ಶಾಲೆಯ ಹಿಂದೆ ಒಂದು ಕಾಲುವೆ. ಎರಡು ವರ್ಷದಿಂದ ಪ್ರತಿ ಶನಿವಾರ ಒಂಬತ್ತನೇ ತರಗತಿಯ ಆರು ಮಕ್ಕಳು ಮೊಣಕಾಲುದ್ದದ ರಬ್ಬರ್ ಬೂಟು ಹಾಕಿಕೊಂಡು ಅದರೊಳಗೆ ಇಳಿಯುತ್ತಾರೆ. ತಳದ ಕಲ್ಲುಗಳನ್ನು ಕಾಲಿನಿಂದ ಕೆದಕಿ, ಕೆಳಗಡೆ ಬಲೆ ಹಿಡಿದು, ಬಿದ್ದದ್ದನ್ನು ಬಿಳಿ ತಟ್ಟೆಗೆ ಸುರಿದು ಎಣಿಸುತ್ತಾರೆ. ಮೂರು ಬಾಲದ ಹುಳ ಎಷ್ಟು, ಕಡ್ಡಿಗೂಡಿನ ಹುಳ ಎಷ್ಟು, ಬಸವನಹುಳ ಎಷ್ಟು, ಕೆಂಪು ಹುಳ ಎಷ್ಟು, ಏರೋಪ್ಲೇನ್ ಚಿಟ್ಟೆಯ ಮರಿ ಎಷ್ಟು. ನೀರು ಕೆಟ್ಟರೆ ಮೊದಲು ಮೂರು ಬಾಲದವು ಮಾಯವಾಗುತ್ತವೆ. ಅದೇ ಕಾಲುವೆಯ ಉದ್ದಕ್ಕೂ ಇನ್ನೂ ಮೂವತ್ತೊಂಬತ್ತು ಶಾಲೆಗಳು ಹೀಗೇ ಎಣಿಸಿ, ಸಂಖ್ಯೆಗಳನ್ನು ಒಂದೇ ಜಾಲತಾಣಕ್ಕೆ ತುಂಬುತ್ತವೆ. ವಿಜ್ಞಾನಿಗಳಿಗೆ ಪ್ರತಿ ಶನಿವಾರ ನಲವತ್ತು ಕಡೆ ನೀರಿಗಿಳಿಯಲು ಕಾಲಿಲ್ಲ, ಮಕ್ಕಳಿಗೆ ಇದೆ. ಇದಕ್ಕೆ ನಾಗರಿಕ ವಿಜ್ಞಾನ ಎಂದು ಹೆಸರು.

ಹೋದ ವರ್ಷ ಪರೀಕ್ಷೆಯ ಹೊತ್ತಿನಲ್ಲಿ ಐದು ಶನಿವಾರ ಯಾರೂ ಕಾಲುವೆಗೆ ಹೋಗಲಿಲ್ಲ. ಮಕ್ಕಳು ಓದುತ್ತಿದ್ದರು, ಅವಳು ಉತ್ತರಪತ್ರಿಕೆಗಳ ಕಟ್ಟಿನ ಅಡಿಯಲ್ಲಿದ್ದಳು. ಆದರೆ ಜಾಲತಾಣ ಖಾಲಿ ಚೌಕವನ್ನು ಸಹಿಸುವುದಿಲ್ಲ. ಒಂದು ವಾರ ಖಾಲಿ ಬಿಟ್ಟರೆ ಶಾಲೆಯ ಹೆಸರಿನ ಪಕ್ಕ ಒಂದು ಕೆಂಪು ಚುಕ್ಕೆ. ಅಂಥ ಐದು ಚುಕ್ಕೆ ಬಿದ್ದರೆ 'ಸತತ ಶಾಲೆ'ಗಳ ಪಟ್ಟಿಯಿಂದ ಹೊರಗೆ. ಹೆಡ್ ಸರ್ ಅಷ್ಟರಲ್ಲಾಗಲೇ 'ಸತತ ಶಾಲೆ' ಎಂದು ಬ್ಯಾನರ್ ಮಾಡಿಸಿ ಗೇಟಿಗೆ ಕಟ್ಟಿದ್ದರು. ಒಂದು ಮಧ್ಯಾಹ್ನ, ಊಟದ ಡಬ್ಬಿ ತೊಳೆಯುವ ಮುಂಚೆ, ಅವಳು ಕೂತು ಐದೂ ವಾರವನ್ನು ಒಟ್ಟಿಗೇ ತುಂಬಿದಳು. ಸೊನ್ನೆ, ಸೊನ್ನೆ, ಸೊನ್ನೆ. ಐದು ಸಾಲು, ಐದು ಅಂಕಣ, ಇಪ್ಪತ್ತೈದು ಸೊನ್ನೆ. ಹೋಗಿಲ್ಲ, ಆದ್ದರಿಂದ ಏನೂ ಸಿಕ್ಕಿಲ್ಲ, ಆದ್ದರಿಂದ ಸೊನ್ನೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಅನ್ನಿಸಲೇ ಇಲ್ಲ. ಕಸ ಗುಡಿಸಿದ ಹಾಗೆ ಅನ್ನಿಸಿತ್ತು.

ಈ ವರ್ಷ ಒಂಬತ್ತನೇ ತರಗತಿಗೆ ಇರುವೆ ಬಂದಳು. ಇರುವೆ ಅನ್ನುವುದು ಇಡೀ ಶಾಲೆ ಅವಳಿಗಿಟ್ಟ ಹೆಸರು. ಆಕಾರವೂ ಅಷ್ಟೇ ಚಿಕ್ಕದು, ಆದರೆ ಸದಾ ತನಗಿಂತ ದೊಡ್ಡದೇನನ್ನೋ ಹೊತ್ತುಕೊಂಡು ಎಲ್ಲಿಗೋ ಹೊರಟಿರುತ್ತಾಳೆ. ಸಂಶೋಧನಾ ಯೋಜನೆಗೆಂದು ಎರಡು ವರ್ಷದ ಅಂಕಿಗಳನ್ನೆಲ್ಲ ಇಳಿಸಿಕೊಂಡು ಗ್ರಾಫಿನ ಗೆರೆ ಎಳೆದಳು. ಗೆರೆ ಏರುತ್ತಾ ಇಳಿಯುತ್ತಾ ಬಂದು, ಒಂದು ಕಡೆ ಬಾವಿಗೆ ಬಿದ್ದಂತೆ ಬಿದ್ದು, ಐದು ವಾರ ಅಲ್ಲೇ ಮಲಗಿ, ಮತ್ತೆ ಎದ್ದು ನಡೆದಿತ್ತು.

"ಮಿಸ್, ಐದು ವಾರ ಒಂದೇ ಒಂದು ಹುಳ ಇರಲಿಲ್ಲ! ಮೇಲಿನ ಶಾಲೆಯವರಿಗೆಲ್ಲ ಸಿಕ್ಕಿದಾವೆ, ನಮಗೆ ಮಾತ್ರ ಇಲ್ಲ. ಎಲ್ಲಿ ಹೋದ್ವು ಮಿಸ್?"

ಅವಳು ಆಗ ಎಲ್ಲ ಮಿಸ್‌ಗಳೂ ಹೇಳುವುದನ್ನೇ ಹೇಳಿದ್ದಳು. "ಒಳ್ಳೆ ಪ್ರಶ್ನೆ. ಹುಡುಕು ನೋಡೋಣ."

ಇರುವೆ ಹುಡುಕಿದಳು. ಮೂರು ತಿಂಗಳು. ಮಳೆಯ ದಾಖಲೆ ನೋಡಿದಳು, ಕಾಲುವೆಯ ತೂಬು ಕಾಯುವವನ ಪುಸ್ತಕ ನಕಲು ಮಾಡಿದಳು. ಕೊನೆಗೆ ಉತ್ತರ ಮನೆಯಲ್ಲೇ ಸಿಕ್ಕಿತು. ಶಾಲೆಯಿಂದ ಮುನ್ನೂರು ಹೆಜ್ಜೆ ಮೇಲೆ, ಕಾಲುವೆ ಹರಿದು ಬರುವ ಕಡೆ, ಒಂದು ಲಾಂಡ್ರಿ. ಆಸ್ಪತ್ರೆಗಳ ಹಾಸು ಹೊದಿಕೆ ಒಗೆದು ನೀರನ್ನು ಕಾಲುವೆಗೇ ಬಿಡುವಂಥ ದೊಡ್ಡ ಲಾಂಡ್ರಿ. ಇರುವೆಯ ಅಮ್ಮನಿಗೆ ಅಲ್ಲಿ ಹನ್ನೆರಡು ವರ್ಷದಿಂದ ಇಸ್ತ್ರಿ ಕೆಲಸ. ಸರಿಯಾಗಿ ಆ ಐದು ವಾರವಷ್ಟೇ ಲಾಂಡ್ರಿಯಲ್ಲಿ ಬೇರೆ ಸೋಪಿನ ಪುಡಿ ಬಳಸಿದ್ದರು. ಅಮ್ಮ ತಾರೀಖು ನೆನಪಿಸಿಕೊಂಡು ಒಂದು ಹಾಳೆಯ ಮೇಲೆ ಬರೆದು ಸಹಿ ಮಾಡಿಕೊಟ್ಟಳು. ಇರುವೆಯ ವರದಿ ನಲವತ್ತು ಶಾಲೆಗಳಲ್ಲಿ ಮೊದಲನೆಯದಾಯಿತು, ಯೋಜನೆಯ ಪತ್ರಿಕೆಯಲ್ಲಿ ಅಚ್ಚಾಯಿತು. ಯಾರೋ ಅದನ್ನು ಲಾಂಡ್ರಿಯ ಮ್ಯಾನೇಜರಿಗೆ ಓದಿ ಹೇಳಿದರು. ಎರಡು ವಾರದ ಕೆಳಗೆ ಅಮ್ಮನಿಗೆ ನಾಳೆಯಿಂದ ಬರಬೇಡ ಅಂದರು.

ಆಮೇಲೆ ನಿನ್ನೆ ಸಂಜೆ ಯೋಜನೆಯ ವಿಜ್ಞಾನಿಯೊಬ್ಬರ ಪತ್ರ. 'ನಾಳೆ ನಿಮ್ಮ ವಿದ್ಯಾರ್ಥಿನಿಯ ಮಾತು ಕೇಳಲು ಬರುತ್ತಿದ್ದೇನೆ. ನಮಗೆಲ್ಲ ಹೆಚ್ಚು ಕುತೂಹಲ ಹುಟ್ಟಿಸಿರುವುದು ಆ ಐದು ವಾರಗಳು. ಆ ದಿನಗಳ ದಾಖಲೆ ಹಾಳೆಗಳನ್ನು ದಯವಿಟ್ಟು ತೆಗೆದಿಡಿ.'

ದಾಖಲೆ ಹಾಳೆ ಎಂದರೆ ಕಾಲುವೆಯ ದಂಡೆಯಲ್ಲಿ ಕೂತು ಪೆನ್ಸಿಲಿನಲ್ಲಿ ತುಂಬುವ ಹಾಳೆ. ಎಷ್ಟು ಹೊತ್ತಿಗೆ ಇಳಿದರು, ಆಕಾಶ ಹೇಗಿತ್ತು, ನೀರು ಎಷ್ಟು ಆಳ, ಇಬ್ಬರು ಮಕ್ಕಳ ಸಹಿ. ಅವಳು ಬೀರು ತೆರೆದು ಫೈಲು ತಿರುವಿದಳು. ಆ ಐದು ವಾರಗಳ ಜಾಗದಲ್ಲಿ ಏನೂ ಇರಲಿಲ್ಲ. ಆಗ ಆ ಮಧ್ಯಾಹ್ನ, ತೊಳೆಯದ ಡಬ್ಬಿ, ಇಪ್ಪತ್ತೈದು ಸೊನ್ನೆ ಎಲ್ಲವೂ ನೆನಪಾದವು. ನಿಜಕ್ಕೂ ಮರೆತೇ ಹೋಗಿತ್ತೇ, ಅಥವಾ ಇಷ್ಟು ತಿಂಗಳೂ ಗೆರೆಯ ಆ ಗುಂಡಿಯ ಕಡೆ ನೋಡದಂತೆ ಹುಷಾರಾಗಿದ್ದಳೇ? ರಾತ್ರಿಯೆಲ್ಲ ಇದನ್ನೇ ಕೇಳಿಕೊಂಡಿದ್ದಳು. ಎರಡಕ್ಕೂ ಹೌದು ಅನ್ನಬಹುದಾದ ಪ್ರಶ್ನೆ ಅದು, ಅದೇ ಅದರ ಕೇಡು.

ಹನ್ನೊಂದು ಗಂಟೆಗೆ ಇರುವೆ ಆ ಗುಂಡಿಯ ಪಕ್ಕ ನಿಂತು ಮಾತಾಡುತ್ತಾಳೆ. ಅಷ್ಟರೊಳಗೆ ಹೇಳಬೇಕು. ಅಥವಾ ಹೇಳಬಾರದು.

ಅಟೆಂಡರ್ ಬಕೆಟ್ಟು ಎತ್ತಿಕೊಂಡು ಹೋದ ಮೇಲೆ ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ನರ್ಸು, ಆಗ ತಾನೇ ಪಾಳಿ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಳು.

"ಅಷ್ಟೇ ತಾನೇ? ಸೊನ್ನೆ ಬರ್ದಿದೀಯ. ನೂರು ಬರೀಲಿಲ್ಲವಲ್ಲ," ಅಂದಳು ಅಕ್ಕ, ಪೂರ್ತಿ ಕೇಳುವ ಮೊದಲೇ.

"ಯಾರೂ ಹೋಗೇ ಇಲ್ಲ ಅಕ್ಕ. ನೋಡ್ದೇನೇ ಬರ್ದಿದೀನಿ."

ಫೋನಿನ ಆ ಕಡೆ ಬಸ್ಸೊಂದು ಬಂದು ಹೋಯಿತು. ಅಕ್ಕ ಹತ್ತಲಿಲ್ಲ.

"ನೋಡ್ದೇನಾ? ಅಯ್ಯೋ ಪೆದ್ದಿ. ನಾನು ಒಬ್ಬ ಪೇಷಂಟಿನ ನಾಡಿ ನೋಡೋಕೆ ಮರ್ತೆ ಅಂತಿಟ್ಕೋ. ಚಾರ್ಟಲ್ಲಿ ಖಾಲಿ ಬಿಟ್ರೆ ನನಗೆ ಬೈತಾರೆ. ಸೊನ್ನೆ ಬರೆದ್ರೆ ಅವನನ್ನ ಶವಾಗಾರಕ್ಕೆ ಕಳಿಸ್ತಾರೆ."

"ಗೊತ್ತಾಯ್ತು ಬಿಡು."

"ಆ ಹುಡುಗಿಗೆ ಹೇಳಿದೀಯಾ?"

"ಇಲ್ಲ."

"ಹೇಳು. ಬೇರೆಯವರ ಬಾಯಿಂದ ಗೊತ್ತಾದ್ರೆ ಇನ್ನೂ ಕೆಟ್ಟದು. ಎರಡನೇ ಬಸ್ಸೂ ಬಂತು, ಇಡ್ತೀನಿ. ತಿಂಡಿ ತಿಂದ್ಯಾ?"

ತಿಂದಿರಲಿಲ್ಲ. 

ಒಂಬತ್ತೂಕಾಲಿಗೆ ಹೆಡ್ ಸರ್ ಕೋಣೆಗೆ ಹೋದಳು. ಸರ್ ಮುಂದಿನ ವರ್ಷ ನಿವೃತ್ತರಾಗುವವರು. ಅವರ ಹತ್ತಿರ ಪ್ರತಿಯೊಂದಕ್ಕೂ ಒಂದು ಗಾದೆ ಇತ್ತು, ಇಲ್ಲದಿದ್ದರೆ ಇದ್ದ ಗಾದೆಯನ್ನೇ ಎಳೆದು ಹೊಂದಿಸುತ್ತಿದ್ದರು. ಅವಳು ಹೇಳಿದ್ದನ್ನೆಲ್ಲ ಕೇಳಿ, ಕನ್ನಡಕ ತೆಗೆದು, ಟವೆಲಿನಿಂದ ಅದನ್ನೂ ಹಣೆಯನ್ನೂ ಒರೆಸಿದರು.

"ಬೆಟ್ಟ ಅಗೆದು ಇಲಿ ಹಿಡಿದ್ರು ಅಂತಾರೆ. ಇಲ್ಲಿ ಬೆಟ್ಟಾನೇ ಇರಲಿಲ್ಲ ಅಂತೀರಿ ನೀವು."

"ಹೌದು ಸರ್."

"ಯಾರ್ಯಾರಿಗೆ ಗೊತ್ತು?"

"ನಮ್ಮಕ್ಕನಿಗೆ. ಈಗ ನಿಮಗೆ."

"ಅಂದ್ರೆ ಯಾರಿಗೂ ಗೊತ್ತಿಲ್ಲ." ಸರ್ ಎದ್ದು ಬಾಗಿಲು ಮುಂದಕ್ಕೆ ತಳ್ಳಿದರು. "ನೋಡಿ ಮೇಡಂ, ಹಾವೂ ಸಾಯಬಾರದು, ಕೋಲೂ ಮುರೀಬಾರದು. ಐದು ಹಾಳೆ ತಾನೇ ಅವರು ಕೇಳ್ತಿರೋದು? ಬರೆದುಬಿಡಿ. ಕಾಗದಕ್ಕೇನು ಬರಗಾಲವಾ?"

"ಸರ್, ಅದು..."

"ತಪ್ಪು. ಗೊತ್ತು. ನಾನು ನಿಮಗೆ ಬೇರೆ ಒಂದು ಮಾತು ಕೇಳ್ತೀನಿ." ಅವರ ದನಿ ಇಳಿಯಿತು, ಬ್ಯಾನರ್ ಕಟ್ಟಿಸಿದ ಸರ್ ಅಲ್ಲ ಇವರು, ಮೂವತ್ತು ವರ್ಷ ಮಕ್ಕಳ ಮುಖ ನೋಡಿದವರು. "ಆ ಹುಡುಗಿಯ ಅಮ್ಮ ಇವತ್ತು ಬರ್ತಿದಾಳೆ. ನಾನೇ ಕರೆಸಿದೀನಿ. ಆಯಮ್ಮ ಕೆಲಸ ಕಳ್ಕೊಂಡಿದಾಳೆ. ಯಾಕೆ ಕಳ್ಕೊಂಡೆ ಅಂತ ಕೇಳಿದ್ರೆ, ನನ್ನ ಮಗಳು ನಿಜ ಕಂಡುಹಿಡಿದಳು, ಅದಕ್ಕೆ, ಅಂತಾಳೆ. ತಲೆ ಎತ್ತಿ ಹೇಳ್ತಾಳೆ. ಈಗ ಅದನ್ನೂ ಕಿತ್ತುಕೊಂಡು, ಬದಲಿಗೆ ಆಯಮ್ಮನ ಕೈಗೆ ಏನು ಕೊಡ್ತೀರಿ?"

 ರಾತ್ರಿಯೆಲ್ಲ ಅವಳು ಯೋಚಿಸಿದ್ದು ತನ್ನ ಮಾನದ ಬಗ್ಗೆ. ಈ ಪ್ರಶ್ನೆಯನ್ನು ಸರ್ ಕೇಳಬೇಕಾಯಿತಲ್ಲ ಎಂದು ಇನ್ನಷ್ಟು ಕುಗ್ಗಿದಳು.

ಲ್ಯಾಬಿಗೆ ವಾಪಸ್ಸು ಬಂದು ಖಾಲಿ ದಾಖಲೆ ಹಾಳೆಯೊಂದನ್ನು ಮೇಜಿನ ಮೇಲೆ ಇಟ್ಟಳು. ಬರೆಯಬೇಕೆಂದಲ್ಲ, ನೋಡೋಣ ಎಂದು. ಆಮೇಲೆ ಪೆನ್ಸಿಲ್ ತೆಗೆದಳು. ತಾರೀಖು ಬರೆದಳು, ತಾರೀಖು ಸುಳ್ಳಲ್ಲ, ಆ ಶನಿವಾರ ಇದ್ದೇ ಇತ್ತು. ಇಳಿದ ಹೊತ್ತು: ಏಳೂವರೆ. ಆಕಾಶ: ಮೋಡ. ನೀರಿನ ಆಳ: ಒಂದು ಗೇಣು. ಕೈ ತಾನಾಗಿ ಓಡುತ್ತಿತ್ತು. ಮಕ್ಕಳ ಅಕ್ಷರದ ಹಾಗೆ ಗುಂಡಗೆ ಬರೆಯುತ್ತಿದ್ದೇನೆ ಎಂದು ಅರ್ಧದಲ್ಲಿ ಗೊತ್ತಾಯಿತು. ನಿಜವಾದ ಹಾಳೆಗಳು ನೀರು ಕುಡಿದು ಸೊಟ್ಟಗಾಗಿರುತ್ತವೆ. ಇದು ಇಸ್ತ್ರಿ ಮಾಡಿದ ಹಾಗಿತ್ತು. ನಲ್ಲಿ ತಿರುಗಿಸಿ, ಬೆರಳು ನೆನೆಸಿ, ಹಾಳೆಯ ಮೇಲೆ ಕೊಡವಿದಳು. ನಲವತ್ತೆರಡು ವರ್ಷದ ಹೆಂಗಸು, ಎರಡು ಪದವಿ, ಒಂದು ಕಾಗದಕ್ಕೆ ನೀರು ಚಿಮುಕಿಸುತ್ತಿದ್ದಾಳೆ.

ಸಹಿಯ ಜಾಗದಲ್ಲಿ ಕೈ ನಿಂತಿತು. ಇಬ್ಬರು ಮಕ್ಕಳು ಬೇಕು. ಯಾವ ಇಬ್ಬರು?

"ಮಿಸ್, ಒಳಗೆ ಬರ್ಲಾ?"

ಇರುವೆ ಕೇಳುವಾಗಲೇ ಒಳಗೆ ಬಂದಾಗಿತ್ತು. ಅವಳಿಗಿಂತ ಎತ್ತರದ ಮೂರು ಚಾರ್ಟು ಸುರುಳಿಗಳು ಕಂಕುಳಲ್ಲಿ. ಹಿಂದೆ ಅವಳ ತರಗತಿಯ ಹುಡುಗನೊಬ್ಬ ಸ್ಟ್ಯಾಂಡು ಹೊತ್ತು ತಂದು ಇಳಿಸಿ, "ಇರುವೆ, ಬೆಲ್ಲ ಸಿಕ್ತು ಅಂತ ನಮ್ಮನ್ನೆಲ್ಲ ಮರೀಬೇಡಮ್ಮ," ಎಂದು ಓಡಿಹೋದ.

"ಹೋಗೋ, ಮಂಗ," ಅಂದಳು ಇರುವೆ, ಖುಷಿಯಿಂದಲೇ. "ಮಿಸ್, ನಾನು ಐದು ಸಲ ಅಭ್ಯಾಸ ಮಾಡ್ದೆ. ಹನ್ನೊಂದು ನಿಮಿಷ ಆಗುತ್ತೆ. ಅಮ್ಮನ ಮುಂದೆ ಮಾಡಿದ್ರೆ ಹದಿನಾಲ್ಕು, ಯಾಕಂದ್ರೆ ಅವಳು ನಡುನಡುವೆ ಪ್ರಶ್ನೆ ಕೇಳ್ತಾಳೆ. ಅಯ್ಯೋ, ಹಾಳೆ ಒದ್ದೆ ಆಗಿದೆ ಮಿಸ್!"

ಮಿಸ್ ಕೈ ಚಾಚುವ ಮೊದಲೇ ಇರುವೆ ಹಾಳೆಯನ್ನು ಎತ್ತಿಕೊಂಡು ಗಾಳಿಯಲ್ಲಿ ಬೀಸತೊಡಗಿದಳು. ಒಣಗಿಸಲು. ಒಳ್ಳೆಯ ಮಗು. ಬೀಸುತ್ತಾ ಬೀಸುತ್ತಾ ಓದಿದಳು. ಬೀಸುವುದು ನಿಧಾನವಾಯಿತು.

"ಇದು ಆ ಮೊದಲನೇ ಶನಿವಾರದ್ದು," ಅಂದಳು.

"ಇಲ್ಲಿ ಕೊಡು ಮರಿ."

"ಆದ್ರೆ ಮಿಸ್, ಆ ದಿನ ಮೋಡ ಇರಲಿಲ್ಲ. ಮಳೆ ದಾಖಲೇಲಿ ಇದೆ. ಅದರ ಹಿಂದಿನ ದಿನ ಇತ್ತು, ಶನಿವಾರ ಬಿಸಿಲು." ಇನ್ನೂ ಸಹಾಯ ಮಾಡುವ ದನಿಯಲ್ಲೇ ಇದ್ದಳು. "ತೂಬು ಬೇರೆ ತೆಗೆದಿದ್ರು. ಗೇಣು ನೀರಲ್ಲ, ಮೊಣಕಾಲಿನ ತನಕ ಇದ್ದಿರ್ಬೇಕು. ಯಾರು ಬರೆದಿದ್ದು ಇದನ್ನ? ಸಹಿನೂ ಇಲ್ಲ."

ಆ ಐದು ಶನಿವಾರಗಳನ್ನು ಈ ಹುಡುಗಿಯಷ್ಟು ಬಲ್ಲವರು ಯಾರೂ ಇರಲಿಲ್ಲ. ಮೂರು ತಿಂಗಳು ಅವುಗಳೊಳಗೇ ಬದುಕಿದ್ದಳು.

"ನಾನು ಬರೆದೆ," ಅಂದಳು ಮಿಸ್. "ಈಗ. ಹತ್ತು ನಿಮಿಷದ ಹಿಂದೆ."

ಆಮೇಲೆ ಉಳಿದದ್ದನ್ನೂ ಹೇಳಿದಳು. ಹೇಳಲು ಎಷ್ಟು ಕಡಿಮೆ ಮಾತು ಸಾಕಾಯಿತು ಎಂದು ಅವಳಿಗೇ ದಿಗಿಲಾಯಿತು. ಇಡೀ ರಾತ್ರಿ ಕೂಡಿಸಿಟ್ಟಿದ್ದು ನಾಲ್ಕು ವಾಕ್ಯದಲ್ಲಿ ಮುಗಿದುಹೋಯಿತು.

ಇರುವೆ ಹಾಳೆಯನ್ನು ಮೇಜಿನ ಮೇಲೆ ಇಟ್ಟು, ಅಂಚನ್ನು ಮೇಜಿನ ಅಂಚಿಗೆ ಸರಿಯಾಗಿ ಹೊಂದಿಸಿದಳು.

"ಐದೂ ವಾರ?"

"ಐದೂ ವಾರ."

"ಒಂದು ವಾರ ಆದ್ರೂ ಯಾರಾದ್ರೂ ಹೋಗಿರ್ಬಹುದು. ನಿಮಗೆ ಗೊತ್ತಿಲ್ದೇ."

"ಬೂಟು, ಬಲೆ ಎಲ್ಲ ಬೀರುವಿನಲ್ಲಿದ್ವು. ಬೀಗದ ಕೈ ನನ್ನ ಹತ್ರ ಇತ್ತು."

"ಹಾಗಾದ್ರೆ ಹುಳ ಇದ್ವಾ?"

"ಗೊತ್ತಿಲ್ಲ ಮರಿ. ಇದ್ದಿರಬಹುದು."

"ಎಷ್ಟಿದ್ವು?"

 ಹೊರಗೆ ಪ್ರಾರ್ಥನೆಯ ಗಂಟೆ ಹೊಡೆಯಿತು. ಇಬ್ಬರೂ ಕದಲಲಿಲ್ಲ. ಇರುವೆ ಒಂದು ಚಾರ್ಟಿನ ಸುರುಳಿಯನ್ನು ಬಿಚ್ಚಿದಳು, ಅರ್ಧ ಬಿಚ್ಚಿ ಮತ್ತೆ ಸುತ್ತಿದಳು. ಅಳುತ್ತಾಳೆ ಎಂದು ಮಿಸ್ ಕಾದಳು. ಅತ್ತರೆ ಹತ್ತಿರ ಹೋಗಿ ತಲೆ ಸವರಬಹುದಿತ್ತು. ಹುಡುಗಿ ಆ ಉಪಕಾರವನ್ನೂ ಮಾಡಲಿಲ್ಲ.

"ಅಮ್ಮ ಇವತ್ತಿಗೆ ಅಂತ ಹೊಸ ಚಪ್ಪಲಿ ಹಾಕ್ಕೊಂಡು ಬರ್ತಿದಾಳೆ," ಅಂದಳು.

"ನಾನೇ ಎಲ್ಲರಿಗೂ ಹೇಳ್ತೀನಿ. ನೀನು ಒಂದು ಮಾತೂ ಆಡೋದು ಬೇಡ."

"ನಾನು ಶುರು ಮಾಡೋಕೆ ಮುಂಚೆ ಹೇಳ್ತೀರಾ, ಆಮೇಲೆ ಹೇಳ್ತೀರಾ?"

"ಮುಂಚೆ. ಅವರು ಬಂದು ಕೂತ ಕೂಡಲೇ."

"ಸರಿ," ಅಂದಳು ಇರುವೆ. ಆಮೇಲೆ, ಚಾರ್ಟುಗಳನ್ನು ಸ್ಟ್ಯಾಂಡಿಗೆ ಕಟ್ಟಲು ಶುರು ಮಾಡಿದಳು.

ವಿಜ್ಞಾನಿ ಹನ್ನೊಂದಕ್ಕೆ ಐದು ನಿಮಿಷ ಇರುವಾಗಲೇ ಬಂದರು. ಸಣಕಲು ಹೆಂಗಸು, ಗಂಡಸರ ಹಾಗೆ ಕತ್ತರಿಸಿದ ಕೂದಲು, ಹೆಗಲ ಚೀಲದಿಂದ ರಬ್ಬರ್ ಬೂಟಿನ ಮೂತಿ ಹೊರಗೆ ಕಾಣುತ್ತಿತ್ತು. "ಮಾತು ಮುಗಿದ ಮೇಲೆ ನನ್ನನ್ನ ನೀರಿಗಿಳಿಸ್ಬೇಕು, ಇಲ್ದಿದ್ರೆ ನಾನು ಹೋಗಲ್ಲ," ಎಂದು ನಗುತ್ತಲೇ ಒಳಗೆ ಬಂದರು. ಹೆಡ್ ಸರ್ ಕೂಡ ನಕ್ಕರು, ಸ್ವಲ್ಪ ಜಾಸ್ತಿಯೇ. ಇರುವೆಯ ಅಮ್ಮ ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದಳು. ಅಗಲ ಭುಜದ ಹೆಂಗಸು. ಹನ್ನೆರಡು ವರ್ಷ ಬಿಸಿ ಕಬ್ಬಿಣ ಹಿಡಿದ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಮಿಸ್ ಕಡೆ ನೋಡಿ ಕೈ ಮುಗಿದಳು. ಮಿಸ್ ತಲೆ ಬಗ್ಗಿಸಿದಳು. ಕುಂಬಳಕಾಯಿ ಕಳ್ಳನ ಹಾಗೆ ತನ್ನ ಹೆಗಲನ್ನು ತಾನೇ ಮುಟ್ಟಿಕೊಳ್ಳುತ್ತೇನೇನೋ ಎಂದು ಭಯವಾಯಿತು.

ಈಗ, ಅಂದುಕೊಂಡಳು.

ಹೆಡ್ ಸರ್ ಸ್ವಾಗತ ಶುರು ಮಾಡಿದರು. ಸ್ವಾಗತ ಮುಗಿದ ಕೂಡಲೇ. ಸ್ವಾಗತ ಶಾಲೆಯ ಚರಿತ್ರೆಯಾಯಿತು, ಚರಿತ್ರೆ ಗಾದೆಯಾಯಿತು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತಾರೆ, ನಮ್ಮ ಮಕ್ಕಳು ಕಾಲುವೆಗೇ ಬಗ್ಗಿದವರು." ಎಲ್ಲರೂ ನಕ್ಕರು. ಈಗ. ಅವಳು ಕುರ್ಚಿಯ ಹಿಡಿ ಹಿಡಿದಳು. "ಇನ್ನು ತಡ ಮಾಡೋದು ಬೇಡ, ಬಾಮ್ಮ," ಅಂದರು ಸರ್, ಮಿಸ್ ಕಡೆ ನೋಡದೆ, ಉಸಿರು ಬಿಡದೆ. ಇರುವೆ ಎದ್ದು ಚಾರ್ಟಿನ ಪಕ್ಕ ನಿಂತಳು.

ನಿಂತು ಮಿಸ್ ಕಡೆ ನೋಡಿದಳು.

ಮೂರು ಉಸಿರಿನಷ್ಟು ಹೊತ್ತು. ಮಿಸ್‌ನ ಕೈ ಇನ್ನೂ ಕುರ್ಚಿಯ ಹಿಡಿಯ ಮೇಲೇ ಇತ್ತು.  ಪಕ್ಕದ ಕುರ್ಚಿಯಲ್ಲಿ ವಿಜ್ಞಾನಿ ಪೆನ್ನಿನ ಮುಚ್ಚಳ ತೆಗೆದು, "ಹೇಳು ಮರಿ, ಭಯ ಬೇಡ," ಅಂದರು.

ಇರುವೆ ಶುರು ಮಾಡಿದಳು. ಮೊದಲ ಚಾರ್ಟು: ಕಾಲುವೆ, ಶಾಲೆ, ಎಣಿಸುವ ವಿಧಾನ. ದನಿ ಸ್ಪಷ್ಟವಾಗಿತ್ತು. ಹಿಂದಿನ ಬೆಂಚಿನಲ್ಲಿ ಅಮ್ಮನ ತುಟಿಗಳು ಮಗಳ ಜೊತೆಗೇ ಅಲುಗುತ್ತಿದ್ದವು, ಎಲ್ಲವೂ ಬಾಯಿಪಾಠ. ಎರಡನೇ ಚಾರ್ಟು: ಹುಳಗಳ ಚಿತ್ರ. ಪ್ರತಿ ಚಾರ್ಟು ಮುಗಿದಾಗಲೂ ಇರುವೆ ಮಿಸ್ ಕಡೆ ನೋಡಿದಳು. ಕಾಯುತ್ತಿದ್ದಳು. ಸಾಲ ಕೇಳುವವರ ನೋಟವಲ್ಲ ಅದು, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕರೆಯಲಿ ಎಂದು ನಿಂತವರ ನೋಟ. ಮೂರನೇ ಚಾರ್ಟು ಬಿಚ್ಚಿಕೊಂಡಿತು. ಗೆರೆ ಏರಿತು, ಇಳಿಯಿತು, ಬಾವಿಗೆ ಬಿತ್ತು.

ಇರುವೆ ಕೋಲನ್ನು ಆ ಗುಂಡಿಯ ಮೇಲೆ ಇಟ್ಟು ಸುಮ್ಮನಾದಳು.

ಒಂದು ಕ್ಷಣ. ಇನ್ನೊಂದು. ಅಮ್ಮನ ತುಟಿಗಳು ಮುಂದಿನ ವಾಕ್ಯವನ್ನು ಹೇಳಿಬಿಟ್ಟವು, ಮಗಳಿಗೆ ಮರೆತಿದೆಯೆಂದು ಮತ್ತೆ ಹೇಳಿದವು, ಈ ಸಲ ಪಿಸುದನಿಯಲ್ಲಿ: "ಆ ಐದು ವಾರ..."

"ಆ ಐದು ವಾರ ಯಾರೂ ಹೋಗಿರಲಿಲ್ಲ." ಮಿಸ್ ಎದ್ದು ನಿಂತಿದ್ದಳು. ಯಾವಾಗ ಎದ್ದಳೋ. "ಆ ಸೊನ್ನೆಗಳನ್ನ ತುಂಬಿದ್ದು ನಾನು. ಹೋಗದೇನೇ. ಇವಳಿಗೆ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಹೇಳ್ದೆ."

ಹೆಡ್ ಸರ್ ಕೆಮ್ಮಿದರು. ಕೆಮ್ಮಿಗೆ ಯಾವ ಗಾದೆಯೂ ಜೊತೆಯಾಗಲಿಲ್ಲ.

ವಿಜ್ಞಾನಿ ಪೆನ್ನಿಗೆ ಮುಚ್ಚಳ ಹಾಕಿದರು. "ದಾಖಲೆ ಹಾಳೆ?"

"ಇಲ್ಲ. ಒಂದು ಇದೆ, ಅದೂ ಇವತ್ತು ಬರೆದಿದ್ದು."

ವಿಜ್ಞಾನಿ ಗೆರೆಯ ಕಡೆ ತಿರುಗಿದರು. ಬೈದಿದ್ದರೆ ಚೆನ್ನಾಗಿತ್ತು. "ನಲವತ್ತು ಶಾಲೆ," ಅಂದರು, ತಮಗೇ ಎಂಬಂತೆ. "ಇಂಥ ಸೊನ್ನೆ ಇನ್ನೆಷ್ಟಿವೆಯೋ. ತಪ್ಪು ನಮ್ಮದೂ ಇದೆ. ಖಾಲಿ ಬಿಡೋಕೆ ಜಾಗಾನೇ ಇಟ್ಟಿಲ್ಲ ನಾವು."

ಹಿಂದಿನಿಂದ ಅಮ್ಮ ಕೇಳಿದಳು, "ಏನಂತೆ ಅಕ್ಕಾವ್ರೇ? ನನಗೆ ತಿಳೀಲಿಲ್ಲ. ಆ ಸೋಪು ಹುಳಾನ ಸಾಯಿಸ್ಲಿಲ್ವಾ?"

"ಸಾಯಿಸಿರಬಹುದು, ಸಾಯಿಸ್ದೇ ಇರಬಹುದು," ಅಂದರು ವಿಜ್ಞಾನಿ ಮೆಲ್ಲಗೆ. "ಯಾರೂ ನೋಡಿಲ್ಲ, ಅದಕ್ಕೇ ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ನಾನು ಮ್ಯಾನೇಜರ್ ಮುಖದ ಮೇಲೆ ಹೇಳಿ ಬಂದಿದೀನಲ್ಲ. ನನ್ನ ಮಗಳು ಎಣಿಸಿ ನೋಡಿದಾಳೆ, ಸುಳ್ಳಾಡಲ್ಲ ಅಂತ." ಅಮ್ಮ ಮಗಳನ್ನು ನೋಡಿದಳು, ಮಿಸ್ ಕಡೆ ನೋಡಿದಳು. ಹೊಸ ಚಪ್ಪಲಿಯ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡಳು. 

ಇರುವೆ ಕೋಲನ್ನು ಕೆಳಗಿಟ್ಟಳು. "ಮೇಡಂ, ನೀವು ಲಾಂಡ್ರಿಯವರಿಗೆ ಒಂದು ಪತ್ರ ಬರೆದುಕೊಡ್ತೀರಾ? ನನ್ನ ವರದೀಲಿ ತಪ್ಪಿತ್ತು ಅಂತ. ಇವತ್ತೇ."

"ಖಂಡಿತ ತಿದ್ದುಪಡಿ ಹಾಕ್ತೀವಿ ಮರಿ. ಆದ್ರೆ ನಾನೊಬ್ಬಳೇ ಬರೆಯೋ ಹಾಗಿಲ್ಲ, ಕಚೇರಿಯಿಂದ ಬರ್ಬೇಕು. ಮೊದಲು ಪರಿಶೀಲನೆ, ಆಮೇಲೆ ಸಮಿತಿ. ಎರಡು ಮೂರು ತಿಂಗಳು ಹಿಡಿಯುತ್ತೆ."

"ಪತ್ರಿಕೇಲಿ ಹಾಕೋಕೆ ಎಷ್ಟು ದಿನ ಹಿಡಿದಿತ್ತು?"

"ಅದು..." ವಿಜ್ಞಾನಿ ಮುಗುಳ್ನಕ್ಕರು. "ಒಂಬತ್ತು ದಿನ. ಒಳ್ಳೆ ಪ್ರಶ್ನೆ."

ಆಮೇಲೆ ಅವರ ಮುಖ ಏನೋ ಹೊಳೆದಂತೆ ಬೆಳಗಿತು. ಎದ್ದು ಬಂದು ಚಾರ್ಟಿನ ಮುಂದೆ, ಇರುವೆಯ ಎತ್ತರಕ್ಕೆ ಬಗ್ಗಿ ನಿಂತರು. "ನೋಡು, ಮುಂದಿನ ತಿಂಗಳು ನಮ್ಮ ದೊಡ್ಡ ಸಭೆ ಇದೆ. ಎಲ್ಲ ಶಾಲೆಯವರೂ, ಎಲ್ಲ ವಿಜ್ಞಾನಿಗಳೂ ಬರ್ತಾರೆ. ನೀನು ಬರ್ಬೇಕು. ಇದೇ ಚಾರ್ಟು, ಇದೇ ಗುಂಡಿ. ನನ್ನ ಅಂಕಿ ತಪ್ಪು ಅಂತ ನನಗೆ ಹೇಗೆ ಗೊತ್ತಾಯ್ತು ಅಂತ ಹೇಳು. ಹುಳ ಎಲ್ಲಿ ಹೋದ್ವು ಅನ್ನೋದಕ್ಕಿಂತ ಇದು ದೊಡ್ಡ ಸಂಶೋಧನೆ. ಉದ್ಘಾಟನೆ ಮುಗಿದ ಮೇಲೆ ಮೊದಲನೇ ಮಾತೇ ನಿನ್ನದು."

"ಆಹಾ," ಅಂದರು ಹೆಡ್ ಸರ್. ಅವರ ಬೆನ್ನು ನೆಟ್ಟಗಾಯಿತು. "ಕೆಸರಲ್ಲೇ ತಾವರೆ ಅಂತ ಸುಮ್ನೆ ಹೇಳಲ್ಲ."

"ಮಿಸ್ ಕೂಡ ಜೊತೆಗೆ ಬರ್ಲಿ. ಇಬ್ಬರೂ ಸೇರಿ ಹೇಳಿ. ಅಂಥ ಧೈರ್ಯ ಎಲ್ಲರಿಗೂ ಬರಲ್ಲ." ವಿಜ್ಞಾನಿ ಅವಳ ಕಡೆ ತಿರುಗಿ ನಕ್ಕರು.

ಮಿಸ್‌ಗೆ ನಿನ್ನೆ ಸಂಜೆಯಿಂದ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು. ಹಾಗಾದರೆ ಮುಗಿಯಿತು, ಇಷ್ಟೇ, ಇದರಿಂದಲೂ ಒಂದು ಒಳ್ಳೆಯದು ಹುಟ್ಟಿತು. ತಾನು ನಗುತ್ತಿದ್ದೇನೆ ಎಂದು ಅವಳಿಗೆ ಗೊತ್ತಾಯಿತು. ನಗುತ್ತಲೇ ಇರುವೆಯ ಕಡೆ ನೋಡಿದಳು. ಎಲ್ಲರೂ ನೋಡಿದರು.

ಇರುವೆ ಅಮ್ಮನನ್ನು ನೋಡುತ್ತಿದ್ದಳು. ಅಮ್ಮ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದು, ಯಾರದೋ ಸಾಮಾನನ್ನು ಕಾಯುತ್ತಿರುವ ಹಾಗೆ ಕೂತಿದ್ದಳು.

"ಏನಂತೀಯ ಮರಿ?" ವಿಜ್ಞಾನಿ ಕೇಳಿದರು. "ಹೆಸರು ಬರ್ಕೊಳ್ಳಲಾ?"

"ಬೇಡ," ಅಂದಳು ಇರುವೆ. "ನಾನು ಬರಲ್ಲ."